ಎಲ್ಲಿಸ್ ದ್ವೀಪದ ವಲಸೆ ಮ್ಯೂಸಿಯಂ: ಒಂಟಿಯಾಗಿ ಬಂದಿಳಿದ ಹುಡುಗಿಯರ ಜಾಡಿನಲ್ಲಿ

ನ್ಯೂಯಾರ್ಕಿಗೆ ಬರುವ ನೆಂಟರು ನೋಡಲೇಬೇಕಾದ ಜಾಗಗಳನ್ನು ಕೇಳಿದಾಗಲೆಲ್ಲ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಹೆಸರು ಮೊದಲು ಬರುತ್ತದೆ. ಅದೇ ದೋಣಿಯಲ್ಲಿ, ಅದೇ ಟಿಕೆಟಿನಲ್ಲಿ ತಲುಪಬಹುದಾದ ಎಲ್ಲಿಸ್ ದ್ವೀಪವನ್ನು ಮಾತ್ರ ಬಹಳಷ್ಟು ಜನ ‘ಹೊತ್ತು ಉಳಿದರೆ ನೋಡೋಣ’ ಎಂದು ಕೊನೆಗೆ ತಳ್ಳಿಬಿಡುತ್ತಾರೆ. ಇದು ತಿರುಗುಮುರುಗಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿಮೆಯನ್ನು ದೋಣಿಯ ಮೇಲಟ್ಟದಿಂದ ಕಣ್ತುಂಬ ನೋಡಿಕೊಂಡರೂ ಸಾಕು. ಎಲ್ಲಿಸ್ ದ್ವೀಪದ ರಾಷ್ಟ್ರೀಯ ವಲಸೆ ಮ್ಯೂಸಿಯಮ್ಮಿಗೆ ಕನಿಷ್ಠ ಮೂರು ಗಂಟೆ ಬೇಕು. ಅದರಲ್ಲೂ ಹದಿನಾರು, ಹದಿನೇಳು, ಇಪ್ಪತ್ತರ ವಯಸ್ಸಿನಲ್ಲಿ ಒಂಟಿಯಾಗಿ ಕಡಲು ದಾಟಿ ಬಂದ ಹುಡುಗಿಯರ ಜಾಡು ಹಿಡಿದು ಇದನ್ನು ನೋಡುವವರಿಗೆ, ಸಾಮಾನ್ಯ ಪ್ರವಾಸಿಗರು ಅರ್ಧ ಗಂಟೆಯಲ್ಲಿ ದಾಟಿಹೋಗುವ ಕೋಣೆಗಳಲ್ಲೇ ಅತ್ಯಂತ ಬೆಲೆಬಾಳುವ ಸಂಗತಿಗಳು ಸಿಗುತ್ತವೆ.

ಮ್ಯೂಸಿಯಮ್ಮಿಗೆ ಪ್ರತ್ಯೇಕ ಪ್ರವೇಶ ಶುಲ್ಕವಿಲ್ಲ. ದೋಣಿಯ ಟಿಕೆಟಿಗೆ ವಯಸ್ಕರು ಸುಮಾರು 25 ಡಾಲರ್ ಕೊಡಬೇಕಾಗುತ್ತದೆ; ಎರಡೂ ದ್ವೀಪಗಳ ಭೇಟಿ ಮತ್ತು ಕಿವಿಗೆ ಹಚ್ಚಿಕೊಂಡು ಕೇಳುವ ಆಡಿಯೋ ಮಾರ್ಗದರ್ಶನ ಅದರಲ್ಲೇ ಸೇರಿವೆ. ಮ್ಯಾನ್‌ಹ್ಯಾಟನ್‌ನ ತುದಿಯ ಬ್ಯಾಟರಿ ಪಾರ್ಕಿನಲ್ಲಿ ದಾರಿಗಡ್ಡ ನಿಂತು ಟಿಕೆಟ್ ಮಾರುವವರ ಮಾತಿಗೆ ಕಿವಿಗೊಡದೆ, ಸ್ಟ್ಯಾಚ್ಯೂ ಸಿಟಿ ಕ್ರೂಸಸ್ ಸಂಸ್ಥೆಯಿಂದಲೇ ಮುಂಗಡವಾಗಿ ಕಾಯ್ದಿರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ದ್ವೀಪಗಳ ದಡಕ್ಕೆ ಪ್ರವಾಸಿಗರನ್ನು ಇಳಿಸುವ ಅನುಮತಿ ಇರುವುದು ಅವರೊಬ್ಬರಿಗೇ. ಪಾರ್ಕಿನಲ್ಲಿರುವ ದುಂಡನೆಯ ಕಲ್ಲಿನ ಕೋಟೆಯನ್ನು ದಾಟಿಯೇ ದೋಣಿಯ ಸಾಲಿಗೆ ಹೋಗಬೇಕು. ಇಂದು ಕ್ಯಾಸಲ್ ಕ್ಲಿಂಟನ್ ಎಂದು ಕರೆಯುವ ಆ ಕೋಟೆ 1855ರಿಂದ 1890ರವರೆಗೆ ಕ್ಯಾಸಲ್ ಗಾರ್ಡನ್ ಎಂಬ ಹೆಸರಿನ ವಲಸೆ ಠಾಣೆಯಾಗಿತ್ತು. ಟಿಕೆಟ್ ತೋರಿಸುವ ಅವಸರದಲ್ಲಿ ಅದನ್ನು ಗಮನಿಸದೆ ಮುಂದೆ ಹೋಗಬೇಡಿ. ಎಲ್ಲಿಸ್ ದ್ವೀಪದ ಕಥೆಯ ಹಿಂದಿನ ಅಧ್ಯಾಯ ಅಲ್ಲಿದೆ.

1892ರ ಜನವರಿ 1ರಂದು ತೆರೆದ ಎಲ್ಲಿಸ್ ದ್ವೀಪದ ಠಾಣೆಯ ಮೊದಲ ಕಟ್ಟಡ ಮರದ್ದಾಗಿತ್ತು. 1897ರ ಜೂನ್‌ನಲ್ಲಿ ಅದು ಸುಟ್ಟುಹೋಯಿತು. ಪ್ರಾಣಹಾನಿ ಆಗಲಿಲ್ಲ, ಆದರೆ ಹಳೆಯ ದಾಖಲೆಗಳ ದೊಡ್ಡ ರಾಶಿಯೇ ಬೂದಿಯಾಯಿತು. ನಾವು ಇಂದು ನೋಡುವ ಕೆಂಪಿಟ್ಟಿಗೆಯ ಕಟ್ಟಡ 1900ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. 1954ರಲ್ಲಿ ಠಾಣೆ ಮುಚ್ಚುವ ಹೊತ್ತಿಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ಈ ದಾರಿಯಾಗಿ ದೇಶದೊಳಗೆ ಬಂದಿದ್ದರು. ಪಾಳುಬಿದ್ದಿದ್ದ ಕಟ್ಟಡವನ್ನು ಜೀರ್ಣೋದ್ಧಾರ ಮಾಡಿ 1990ರಲ್ಲಿ ಮ್ಯೂಸಿಯಂ ಮಾಡಿದರು. ಇಷ್ಟು ತಿಳಿದಿದ್ದರೆ ನೆಲಮಹಡಿಯ ಫಲಕಗಳ ಮುಂದೆ ಹೆಚ್ಚು ನಿಲ್ಲಬೇಕಾಗಿಲ್ಲ. ಗಂಟುಮೂಟೆ ಇರಿಸುತ್ತಿದ್ದ ಹಳೆಯ ಕೋಣೆಯಲ್ಲಿ ಗುಡ್ಡೆಹಾಕಿರುವ ಬೆತ್ತದ ಪೆಟ್ಟಿಗೆ, ಟ್ರಂಕುಗಳನ್ನು ಒಂದು ಸುತ್ತು ನೋಡಿ ನೇರವಾಗಿ ಮಹಡಿಗೆ ನಡೆಯಿರಿ.

ಮಹಡಿಯ ಮೇಲಿನ ಮಹಾ ಸಭಾಂಗಣವೇ ಈ ಮ್ಯೂಸಿಯಮ್ಮಿನ ಹೃದಯ. ಕಮಾನಿನ ಛಾವಣಿಗೆ ಹೊದಿಸಿರುವ 28,832 ಹೆಂಚುಗಳಲ್ಲಿ ಜೀರ್ಣೋದ್ಧಾರದ ಹೊತ್ತಿಗೆ ಬದಲಿಸಬೇಕಾಗಿ ಬಂದದ್ದು ಕೇವಲ 17 ಎಂಬುದನ್ನು ಮಾರ್ಗದರ್ಶಕರು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಂಚುಗಳನ್ನು ಕೂರಿಸಿದ್ದು 1918ರಲ್ಲಿ, ಸ್ಪೇನಿನಿಂದ ವಲಸೆ ಬಂದ ಗುವಾಸ್ಟವಿನೋ ಮನೆತನದವರು. ಅದಕ್ಕೂ ಮುಂಚೆ ಬಂದವರು ತಲೆಯೆತ್ತಿ ನೋಡಿದ್ದು ಗಾರೆಯ ಛಾವಣಿಯನ್ನು. ಹಾಗೆ ನೋಡಲು ಎಷ್ಟು ಜನಕ್ಕೆ ಪುರುಸೊತ್ತಿತ್ತು ಎಂಬುದು ಬೇರೆ ಮಾತು. ಮೊದಲ ಮತ್ತು ಎರಡನೆಯ ದರ್ಜೆಯ ಪ್ರಯಾಣಿಕರನ್ನು ಹಡಗಿನಲ್ಲೇ ಮೇಲುಮೇಲೆ ವಿಚಾರಿಸಿ ಬಿಟ್ಟುಬಿಡುತ್ತಿದ್ದರು; ಈ ದ್ವೀಪಕ್ಕೆ ಬರಬೇಕಾಗಿದ್ದವರು ಹಡಗಿನ ತಳದ ಅಗ್ಗದ ದರ್ಜೆಯಲ್ಲಿ ಬಂದವರು. ಗಂಟು ಹೊತ್ತು ಮೆಟ್ಟಿಲು ಹತ್ತುವಾಗ ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ ಎಂದು ವೈದ್ಯರು ಮೇಲಿನಿಂದಲೇ ನೋಡುತ್ತಿದ್ದರು. ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಿಂದ ಒಂದು ಅಕ್ಷರ ಬರೆಯುತ್ತಿದ್ದರು: ಹೃದಯಕ್ಕೊಂದು, ಕಣ್ಣಿಗೊಂದು, ಕುಂಟುವ ಕಾಲಿಗೊಂದು, ಬಸುರಿಗೊಂದು. ಟ್ರಕೋಮಾ ಎಂಬ ಕಣ್ಣಿನ ಅಂಟುರೋಗವನ್ನು ಪತ್ತೆಹಚ್ಚಲು ರೆಪ್ಪೆಯನ್ನು ಬೆರಳಿನಿಂದಲೋ, ಬೂಟಿನ ಗುಂಡಿ ಹಾಕಿಕೊಳ್ಳಲು ಬಳಸುವ ಕೊಕ್ಕೆಯಿಂದಲೋ ಮಗುಚಿ ನೋಡುತ್ತಿದ್ದರು. ಬೆರಳುದ್ದದ ಒಂದು ಲೋಹದ ಕಡ್ಡಿ, ತುದಿಯಲ್ಲಿ ಬಾಗಿದ ಪುಟ್ಟ ಕೊಂಡಿ, ಅಷ್ಟೆ. ಮನೆಯ ಹೆಂಗಸರು ದಿನಾ ಬೆಳಿಗ್ಗೆ ಕೈಗೆತ್ತಿಕೊಳ್ಳುತ್ತಿದ್ದ ಆ ಸಾಮಾನು ಇಲ್ಲಿ ಅಪರಿಚಿತ ಗಂಡಸಿನ ಕೈಯಲ್ಲಿ ತಮ್ಮ ಕಣ್ಣಿನತ್ತ ಬರುವುದನ್ನು ನೋಡಿದ ಹುಡುಗಿಗೆ ಏನನ್ನಿಸಿರಬೇಡ!

ಇಷ್ಟು ಎಲ್ಲರಿಗೂ ಸಮಾನವಾಗಿತ್ತು. ಒಂಟಿ ಹೆಣ್ಣಿಗೆ ಇದರಾಚೆ ಇನ್ನೊಂದು ಬಾಗಿಲಿತ್ತು. ಮ್ಯೂಸಿಯಮ್ಮಿನ ಎರಡನೆಯ ಮಹಡಿಯಲ್ಲಿ ತಪಾಸಣೆಯ ಹಂತಗಳನ್ನು ಒಂದೊಂದಾಗಿ ವಿವರಿಸುವ ಕೋಣೆಗಳನ್ನು ನೀವು ನಿಧಾನವಾಗಿ ನೋಡಬೇಕಾದದ್ದು ಈ ಕಾರಣಕ್ಕಾಗಿ. ಹಡಗಿನ ಪಟ್ಟಿಯನ್ನು ಮುಂದಿಟ್ಟುಕೊಂಡ ಅಧಿಕಾರಿ 29 ಪ್ರಶ್ನೆಗಳನ್ನು ಕೇಳುತ್ತಿದ್ದ: ಹೆಸರೇನು, ಮದುವೆಯಾಗಿದೆಯೇ, ಟಿಕೆಟಿಗೆ ದುಡ್ಡು ಕೊಟ್ಟವರು ಯಾರು, ಕೈಯಲ್ಲಿ ಎಷ್ಟು ಹಣವಿದೆ, ಹೋಗುವುದು ಯಾರ ಮನೆಗೆ. ಗಂಡಸಾದರೆ ಉತ್ತರಗಳು ಪಟ್ಟಿಯೊಂದಿಗೆ ತಾಳೆಯಾದರೆ ಸಾಮಾನ್ಯವಾಗಿ ಮುಗಿಯುತ್ತಿತ್ತು. ಹುಡುಗಿ ಒಬ್ಬಳೇ ಬಂದಿದ್ದರೆ, ಎಲ್ಲ ಉತ್ತರಗಳೂ ಸರಿಯಿದ್ದರೂ, ಬಂಧುಗಳಿಂದ ತಂತಿಯೋ ಕಾಗದವೋ ಮುಂಗಡ ಟಿಕೆಟೋ ಬರುವವರೆಗೆ ಅವಳನ್ನು ಹೊರಗೆ ಬಿಡುತ್ತಿರಲಿಲ್ಲ. ಬಂಧುವಲ್ಲದ ಗಂಡಸಿನ ಜೊತೆ ದ್ವೀಪ ಬಿಟ್ಟು ಹೋಗಲು ಅವಕಾಶವಿರಲಿಲ್ಲ. ಮದುವೆಯಾಗಲೆಂದೇ ಬಂದವಳು, ಕಾದು ನಿಂತ ವರ ಅಲ್ಲೇ ಇದ್ದರೂ, ಎಷ್ಟೋ ಸಲ ಮದುವೆ ನಡೆದ ಮೇಲೆಯೇ ಅವನೊಡನೆ ಊರೊಳಗೆ ಕಾಲಿಡಬೇಕಾಗಿತ್ತು. ‘ಸಮಾಜಕ್ಕೆ ಹೊರೆಯಾಗಬಹುದಾದವರು’ ಎಂಬ ಕಾನೂನಿನ ಮಾತು, ದುಡಿಯುವ ತೋಳಿದ್ದ ಯುವಕನಿಗಿಂತ ದುಡಿಯುವ ತೋಳಿದ್ದ ಯುವತಿಯ ಮೇಲೆ ಹೆಚ್ಚು ಸಲೀಸಾಗಿ ಬಂದು ಬೀಳುತ್ತಿತ್ತು.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಹೊಸ ಊರಿನ ಹಡಗುಕಟ್ಟೆಯಲ್ಲಿ ಒಂಟಿ ಹುಡುಗಿಯರಿಗಾಗಿ ಹೊಂಚುಹಾಕಿ ನಿಂತಿದ್ದ ದಲ್ಲಾಳಿಗಳು ಕಟ್ಟುಕಥೆಯಲ್ಲ, ಮತ್ತು ಈ ನಿಯಮಗಳಿಂದ ಎಷ್ಟೋ ಜನ ನಿಜವಾಗಿಯೂ ಪಾರಾದರು. ಆದರೆ ರಕ್ಷಣೆ ಮತ್ತು ಅಪನಂಬಿಕೆ ಒಂದೇ ಕಾಗದದಲ್ಲಿ ಬರೆಯಲ್ಪಟ್ಟಿದ್ದವು. 1917ರ ಕಾಯ್ದೆಯನ್ನೇ ನೋಡಿ. ಹದಿನಾರು ದಾಟಿದವರು ತಮ್ಮ ಭಾಷೆಯಲ್ಲಿ ಮೂವತ್ತು ನಲವತ್ತು ಪದಗಳನ್ನು ಓದಿ ತೋರಿಸಬೇಕೆಂಬ ಸಾಕ್ಷರತೆಯ ಪರೀಕ್ಷೆಯನ್ನು ಅದು ತಂದಿತು. ಈಗಾಗಲೇ ದೇಶದೊಳಗಿರುವವನ ಹೆಂಡತಿ, ತಾಯಿ, ಮದುವೆಯಾಗದ ಮಗಳು ಇಂಥ ಕೆಲವರಿಗೆ ವಿನಾಯಿತಿ. ಅಂದರೆ ಶಾಲೆಯ ಮುಖ ನೋಡದ ಹತ್ತೊಂಬತ್ತರ ಹುಡುಗಿಯೊಬ್ಬಳು ಅಪ್ಪನ ಮಗಳಾಗಿ ಬಂದರೆ ದಾರಿ ತೆರೆದಿತ್ತು. ಅದೇ ಹುಡುಗಿ ತಾನೇ ತಾನಾಗಿ ಬಂದರೆ ತೆರೆದಿರಲಿಲ್ಲ. ಪೌರತ್ವವೂ ಹಾಗೆಯೇ. 1907ರ ಕಾಯ್ದೆಯ ಪ್ರಕಾರ ವಿದೇಶಿಯನ್ನು ಮದುವೆಯಾದ ಅಮೆರಿಕನ್ ಹೆಂಗಸು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು, ಮತ್ತು 1922ರ ಕೇಬಲ್ ಕಾಯ್ದೆ ಬರುವವರೆಗೂ ವಿವಾಹಿತ ಹೆಣ್ಣಿನ ಪೌರತ್ವ ಗಂಡನ ಪೌರತ್ವದ ನೆರಳಿನಲ್ಲೇ ಇತ್ತು. ಅವಲಂಬಿತರ ವೀಸಾದ ಮೇಲೆ ಈ ದೇಶಕ್ಕೆ ಬಂದು, ಕೈಯಲ್ಲಿ ಪದವಿಯಿದ್ದೂ ದುಡಿಯುವ ಅನುಮತಿಗಾಗಿ ವರ್ಷಗಟ್ಟಲೆ ಕಾದ ನಮ್ಮ ಹೆಣ್ಣುಮಕ್ಕಳಿಗೆ ಈ ಕೋಣೆಗಳಲ್ಲಿ ಬೇರೆ ಯಾರ ವಿವರಣೆಯೂ ಬೇಕಾಗುವುದಿಲ್ಲ. ಅಂಥ ಗೆಳತಿಯರೊಡನೆ ನಾನು ಅಲ್ಲಿ ನಿಂತಿದ್ದೇನೆ. ಯಾರೂ ಬೇಗ ಮುಂದೆ ಹೋಗಲಿಲ್ಲ.

ಇನ್ನು ಆ್ಯನಿ ಮೂರ್ ಪ್ರತಿಮೆಯ ಮಾತು. ಠಾಣೆ ತೆರೆದ ದಿನ ನೋಂದಣಿ ಪುಸ್ತಕದಲ್ಲಿ ಬಿದ್ದ ಮೊದಲ ಹೆಸರು ಐರ್ಲೆಂಡಿನ ಕಾರ್ಕ್ ಪ್ರಾಂತದ ಈ ಹುಡುಗಿಯದು. ನೆವಾಡಾ ಎಂಬ ಹಡಗಿನಲ್ಲಿ ಇಬ್ಬರು ತಮ್ಮಂದಿರನ್ನು ಕರೆದುಕೊಂಡು, ಮೊದಲೇ ನ್ಯೂಯಾರ್ಕಿಗೆ ಬಂದು ನೆಲೆಸಿದ್ದ ಅಪ್ಪ ಅಮ್ಮನನ್ನು ಸೇರಲು ಬಂದಿದ್ದ ಅವಳಿಗೆ ಅಧಿಕಾರಿಗಳು 10 ಡಾಲರಿನ ಚಿನ್ನದ ನಾಣ್ಯವನ್ನು ಬಹುಮಾನ ಕೊಟ್ಟರು. ಅಂದಿನ ಪತ್ರಿಕೆಗಳು ಹದಿನೈದೆಂದು ಬರೆದರೂ ಅವಳ ವಯಸ್ಸು ಹದಿನೇಳಾಗಿತ್ತು. ಶಿಲ್ಪಿ ಜೀನ್ ರೈನ್‌ಹಾರ್ಟ್ ಮಾಡಿದ ಕಂಚಿನ ಆ್ಯನಿ 1993ರಿಂದ ಇಲ್ಲಿ ನಿಂತಿದ್ದಾಳೆ. ಅವಳು ಹಡಗು ಹತ್ತಿದ ಬಂದರಾದ ಕೋವ್‌ನಲ್ಲೂ ತಮ್ಮಂದಿರ ಸಮೇತ ಅದೇ ಶಿಲ್ಪಿಯ ಇನ್ನೊಂದು ಪ್ರತಿಮೆಯಿದೆ. ಕೆಲಸ ಚೆನ್ನಾಗಿದೆ, ಮುಖದಲ್ಲಿ ಅಂಜಿಕೆಯೂ ಆಸೆಯೂ ಇವೆ, ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಪ್ರತಿಮೆ ಹೇಳುವುದು ಒಂದೇ ದಿನದ ಕಥೆ. ಮುಂದಿನ ಕಥೆಯನ್ನು ಬಹುಕಾಲ ಜನ ತಪ್ಪಾಗಿಯೇ ಹೇಳಿಕೊಂಡು ಬಂದಿದ್ದರು: ಅವಳು ಪಶ್ಚಿಮಕ್ಕೆ ಹೋಗಿ ಟೆಕ್ಸಸ್‌ನಲ್ಲಿ ನೆಲೆಸಿದಳು, ಅಲ್ಲಿ ಬೀದಿಗಾಡಿಗೆ ಸಿಕ್ಕಿ ಸತ್ತಳು ಎಂದು. 2006ರಲ್ಲಿ ವಂಶಾವಳಿ ಸಂಶೋಧಕಿ ಮೇಗನ್ ಸ್ಮೋಲೆನ್ಯಾಕ್ ಅವರ ಹುಡುಕಾಟದಿಂದ ಗೊತ್ತಾದದ್ದು ಏನೆಂದರೆ ಟೆಕ್ಸಸ್‌ನ ಆ್ಯನಿ ಮೂರ್ ಅಮೆರಿಕದಲ್ಲೇ ಹುಟ್ಟಿದ ಬೇರೊಬ್ಬಳು. ನಮ್ಮ ಆ್ಯನಿ ಮ್ಯಾನ್‌ಹ್ಯಾಟನ್‌ನ ಲೋವರ್ ಈಸ್ಟ್ ಸೈಡ್ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಜರ್ಮನ್ ಮೂಲದ ಮನೆಯ ಹುಡುಗನನ್ನು ಮದುವೆಯಾಗಿ, ಬಡವರ ಒತ್ತೊತ್ತಾದ ಕೇರಿಯಲ್ಲೇ ಸಂಸಾರ ಮಾಡಿ, ಸಾಲುಸಾಲಾಗಿ ಮಕ್ಕಳನ್ನು ಹೆತ್ತು, ಅವರಲ್ಲಿ ಹಲವರನ್ನು ಎಳವೆಯಲ್ಲೇ ಕಳೆದುಕೊಂಡು, 1924ರಲ್ಲಿ ಐವತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿದ್ದ ಅವಳ ಸಮಾಧಿಗೆ 2008ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ. ಪ್ರತಿಮೆಯ ಮುಂದೆ ಹೋಗುವ ಮುಂಚೆಯೇ ಈ ಜೀವನವನ್ನು ತಿಳಿದುಕೊಂಡಿರಬೇಕು. ಚಿನ್ನದ ನಾಣ್ಯ ಪಡೆದ ಹುಡುಗಿಗಿಂತ ಆ ಕೇರಿಯಲ್ಲಿ ಮೂವತ್ತು ವರ್ಷ ಸಂಸಾರ ನಡೆಸಿದ ಹೆಂಗಸು ನನಗೆ ದೊಡ್ಡವಳಾಗಿ ಕಾಣುತ್ತಾಳೆ.

ಹೆಣ್ಣುಮಕ್ಕಳ ಈ ಒಳಬದುಕು ಮ್ಯೂಸಿಯಮ್ಮಿನಲ್ಲಿ ಎಲ್ಲಕ್ಕಿಂತ ಹತ್ತಿರದಿಂದ ಸಿಗುವುದು ಮೂರನೆಯ ಮಹಡಿಯಲ್ಲಿ. ದುರದೃಷ್ಟವೆಂದರೆ ಕೆಳಗಿನಿಂದ ಕ್ರಮವಾಗಿ ನೋಡುತ್ತ ಬಂದವರು ಅಲ್ಲಿಗೆ ತಲುಪುವ ಹೊತ್ತಿಗೆ ಕಾಲು ಸೋತಿರುತ್ತದೆ, ಕೊನೆಯ ದೋಣಿಯ ಚಿಂತೆ ಶುರುವಾಗಿರುತ್ತದೆ. ಆದ್ದರಿಂದ ಸಭಾಂಗಣ ನೋಡಿದ ಕೂಡಲೇ ಮೇಲೆ ಹೋಗಿ, ಮಿಕ್ಕದ್ದನ್ನು ಇಳಿಯುತ್ತ ನೋಡುವುದು ವಾಸಿ. ವಲಸಿಗರ ಮನೆಯವರೇ ಕೊಟ್ಟ ವಸ್ತುಗಳ ಸಂಗ್ರಹ ಅಲ್ಲಿದೆ: ಕಸೂತಿಯ ಬಟ್ಟೆಗಳು, ಮದುವೆಯ ಉಡುಪು, ಪ್ರಾರ್ಥನೆಯ ಪುಸ್ತಕ, ಸ್ಟುಡಿಯೋದಲ್ಲಿ ತೆಗೆಸಿದ ಮನೆಮಂದಿಯ ಚಿತ್ರ, ಸ್ವಿಟ್ಜರ್ಲೆಂಡಿನಿಂದ 1921ರಲ್ಲಿ ಬಂದ ಹುಡುಗಿಯೊಬ್ಬಳು ತಂದಿದ್ದ ಟೆಡ್ಡಿ ಕರಡಿ. ಕಸೂತಿಯ ಬಟ್ಟೆಗಳ ಮುಂದೆ ಸ್ವಲ್ಪ ಬಾಗಿ ನೋಡಿ. ಅಂಚಿನ ಹೊಲಿಗೆಯ ಒಂದೊಂದು ಎಳೆಯನ್ನೂ ಎಣಿಸಬಹುದು ಎನ್ನುವಷ್ಟು ಸಣ್ಣ ಕೆಲಸ. ಇಷ್ಟನ್ನು ಹೊಲಿಯಬಲ್ಲ ಕೈಗಳಿಗೆ ಇಲ್ಲಿ ಸಿಕ್ಕಿದ ಕೆಲಸ ಅಂಗಿಯ ಒಂದೇ ತೋಳನ್ನು, ಒಂದೇ ಪಟ್ಟಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಯಂತ್ರಕ್ಕೆ ಕೊಡುವುದು ಎಂಬುದು ಮುಂದಿನ ಕೋಣೆಗಳಲ್ಲಿ ತಿಳಿಯುತ್ತದೆ. ತಡೆಹಿಡಿದವರು ಮಲಗುತ್ತಿದ್ದ ಕೋಣೆಯನ್ನೂ ಇದೇ ಮಹಡಿಯಲ್ಲಿ ಹಿಂದಿದ್ದಂತೆಯೇ ಜೋಡಿಸಿಟ್ಟಿದ್ದಾರೆ. ಒಂದರ ಮೇಲೊಂದು ಮೂರು ಅಂತಸ್ತಿನ ಕ್ಯಾನ್ವಾಸ್ ಮಂಚಗಳು, ನಡುವೆ ಒಬ್ಬರು ಸರಿದು ಹೋಗುವಷ್ಟೇ ಜಾಗ. ಅಪ್ಪನ ತಂತಿಗಾಗಿ ಕಾಯುತ್ತಿದ್ದ ಹುಡುಗಿ ರಾತ್ರಿ ಕಳೆದದ್ದು ಇಂಥ ಕಡೆ.

ವಸ್ತುಗಳಿಗಿಂತಲೂ ಧ್ವನಿಗಳು ನನಗೆ ಮುಖ್ಯವಾದವು. ವಲಸಿಗರ ನೆನಪುಗಳನ್ನು ಅವರವರ ಬಾಯಲ್ಲೇ ದಾಖಲಿಸಿದ ಸುಮಾರು 2,000 ಸಂದರ್ಶನಗಳು ಈ ಮ್ಯೂಸಿಯಮ್ಮಿನ ಬಳಿ ಇವೆ, ಮತ್ತು ಅಲ್ಲಲ್ಲಿ ಗೋಡೆಗೆ ತೂಗುಹಾಕಿರುವ ಟೆಲಿಫೋನ್ ರಿಸೀವರುಗಳಲ್ಲಿ ಅವುಗಳ ತುಣುಕುಗಳನ್ನು ಕೇಳಬಹುದು. ಎಂಬತ್ತು ತೊಂಬತ್ತರ ಮುದುಕಿಯರು ತಮ್ಮ ಹದಿನಾರರ ವಯಸ್ಸಿನ ಬಗ್ಗೆ ಮಾತಾಡುತ್ತಾರೆ. ಅವರ ಇಂಗ್ಲಿಷಿನಲ್ಲಿ ಹುಟ್ಟೂರಿನ ಎಳೆತ ಇನ್ನೂ ಉಳಿದಿರುತ್ತದೆ. ಅಲ್ಲಿ ಕಣ್ಣೀರಿನ ಕಥೆಗಳಿಗಿಂತ ಸಣ್ಣ ಸಣ್ಣ ಸಂಗತಿಗಳೇ ಜಾಸ್ತಿ, ಅದರಿಂದಲೇ ನಂಬಿಕೆ ಹುಟ್ಟುತ್ತದೆ. ಆಡಿಯೋ ಮಾರ್ಗದರ್ಶನದ ಸಿದ್ಧ ವಿವರಣೆ ತಿಳಿಯಾಗಿದೆ, ಉಪಯುಕ್ತವೂ ಹೌದು. ಆದರೆ ಈ ರಿಸೀವರುಗಳ ಮುಂದೆ ಅದನ್ನು ನಿಲ್ಲಿಸಿಬಿಡಿ.

ದೋಣಿ ಇಳಿದ ಮೇಲಿನ ಬದುಕಿಗೆ ಬಾಗಿಲಿನ ಕಥೆಯಷ್ಟು ಜಾಗ ಸಿಕ್ಕಿಲ್ಲ ಎಂಬುದೊಂದು ನನ್ನ ತಕರಾರು. ತಪಾಸಣಾ ಠಾಣೆಯಾಗಿದ್ದ ಕಟ್ಟಡ ತನ್ನ ಕಥೆಯನ್ನೇ ಮೊದಲು ಹೇಳುವುದು ಸಹಜ. ಹಾಗಿದ್ದರೂ, ಹೆಣ್ಣು ತನ್ನ ಕಾಲ ಮೇಲೆ ತಾನು ನಿಂತದ್ದು ಈ ಸಭಾಂಗಣದಲ್ಲಿ ಅಲ್ಲ. ಮೊದಲ ಸಂಬಳದಲ್ಲಿ ಊರಿಗೆ ಎಷ್ಟು ಕಳಿಸುವುದು, ಎಷ್ಟನ್ನು ಇಟ್ಟುಕೊಳ್ಳುವುದು ಎಂದು ತಾನೇ ತೀರ್ಮಾನಿಸಿದಾಗ, ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತಾಗ, ಮಾಲೀಕನಿಗೆ ಎದುರು ಮಾತಾಡಿದಾಗ ಅದು ನಡೆಯಿತು. 1909ರ ನವೆಂಬರ್‌ನಲ್ಲಿ ಕೂಪರ್ ಯೂನಿಯನ್ ಸಭಾಂಗಣದಲ್ಲಿ ನಾಯಕರ ಉದ್ದುದ್ದ ಭಾಷಣಗಳ ನಡುವೆ ಎದ್ದುನಿಂತು, ಪೂರ್ವ ಯುರೋಪಿನ ಯೆಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಸಾರ್ವತ್ರಿಕ ಮುಷ್ಕರಕ್ಕೆ ಕರೆಕೊಟ್ಟ ಕ್ಲಾರಾ ಲೆಮ್ಲಿಕ್‌ಗೆ ಆಗ 23 ವರ್ಷ. ಅವಳು ಯುಕ್ರೇನಿನಿಂದ ವಲಸೆ ಬಂದವಳು. ಅವಳ ಮಾತಿನ ಬೆನ್ನಿಗೆ ಬೀದಿಗಿಳಿದ ಸುಮಾರು 20,000 ಅಂಗಿ ಹೊಲಿಯುವ ಕಾರ್ಮಿಕರಲ್ಲಿ ಬಹುಪಾಲು ಹದಿಹರೆಯದ, ಇಪ್ಪತ್ತರ ಆಸುಪಾಸಿನ ವಲಸಿಗ ಹುಡುಗಿಯರು. 1911ರ ಮಾರ್ಚ್ 25ರಂದು ಟ್ರಯಾಂಗಲ್ ಎಂಬ ಅಂಗಿ ಕಾರ್ಖಾನೆಯ ಬೆಂಕಿಯಲ್ಲಿ ಸತ್ತ 146 ಮಂದಿಯಲ್ಲಿ ಹೆಚ್ಚಿನವರು ಇಂಥವರೇ, ಇದೇ ದ್ವೀಪದ ದಾರಿಯಾಗಿ ಬಂದ ಯೆಹೂದಿ ಮತ್ತು ಇಟಾಲಿಯನ್ ಹೆಣ್ಣುಮಕ್ಕಳು. ವಾಷಿಂಗ್ಟನ್ ಪ್ಲೇಸಿನ ಆ ಕಟ್ಟಡ ಇನ್ನೂ ಇದೆ, 2023ರಿಂದ ಅದಕ್ಕೊಂದು ಸ್ಮಾರಕವೂ ಆಗಿದೆ. ಒಂದು ದಿನವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟವರು ಬೆಳಿಗ್ಗೆ ದ್ವೀಪ, ಸಂಜೆ ಆ ಬೀದಿ ಎಂದು ಯೋಜಿಸಿಕೊಂಡರೆ ಮ್ಯೂಸಿಯಂ ಅರ್ಧಕ್ಕೆ ನಿಲ್ಲಿಸುವ ಕಥೆ ಮುಂದುವರಿಯುತ್ತದೆ.

ನಮ್ಮಂಥವರು ಈ ಕಥೆಯಲ್ಲಿ ಎಲ್ಲಿದ್ದೇವೆ ಎಂದು ಕೇಳುವವರಿಗೆ ಒಂದು ಮಾತು. ಇದೇ 1917ರ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತ್ತು. ಆ ಬಾಗಿಲು ಅಗಲವಾಗಿ ತೆರೆದದ್ದು 1965ರ ಕಾಯ್ದೆಯಿಂದ, ಮತ್ತು ಅಧ್ಯಕ್ಷ ಜಾನ್ಸನ್ ಅದಕ್ಕೆ ಸಹಿಹಾಕಿದ್ದು ಅದೇ ವರ್ಷದ ಅಕ್ಟೋಬರ್ 3ರಂದು, ಮ್ಯಾನ್‌ಹ್ಯಾಟನ್‌ನಿಂದ ಹೊರಟ ದೋಣಿ ಮೊದಲು ನಿಲ್ಲುವ ಲಿಬರ್ಟಿ ದ್ವೀಪದಲ್ಲಿ. 2015ರಲ್ಲಿ ಸೇರಿಸಿದ ಹೊಸ ಗ್ಯಾಲರಿಗಳು ಠಾಣೆ ಮುಚ್ಚಿದ ನಂತರದ ವಲಸೆಯನ್ನೂ ಹೇಳುತ್ತವೆ. ಕಾಗದಪತ್ರಗಳೇ ಬದುಕಿನ ದಿಕ್ಕು ಬದಲಿಸಬಲ್ಲವು ಎಂಬುದನ್ನು ಬಲ್ಲವರು ಅಲ್ಲಿಯೂ ಒಂದಿಷ್ಟು ಹೊತ್ತು ಕೊಡಬೇಕು.

ಮಿಕ್ಕ ವಿಷಯಗಳು ಚುಟುಕಾಗಿ. ಬೆಳಗಿನ ಮೊದಲ ದೋಣಿಗಳಲ್ಲಿ ಒಂದನ್ನು ಹಿಡಿಯಿರಿ, ವಿಮಾನ ನಿಲ್ದಾಣದಂಥ ಭದ್ರತಾ ತಪಾಸಣೆ ಇರುವುದರಿಂದ ದೊಡ್ಡ ಚೀಲ ಬೇಡ. ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ದಿನ ಬಿಟ್ಟರೆ ವರ್ಷವಿಡೀ ತೆರೆದಿರುತ್ತದೆ; ದೋಣಿಯ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಒಳಗೆ ತಿಂಡಿ ಸಿಗುತ್ತದೆ, ಅದಕ್ಕಾಗಿ ಹೋಗುವಂಥದ್ದಲ್ಲ. ಹಳೆಯ ಆಸ್ಪತ್ರೆಯ ಪಾಳು ಕಟ್ಟಡಗಳನ್ನು ಹೆಲ್ಮೆಟ್ ತೊಡಿಸಿ ತೋರಿಸುವ ಪ್ರತ್ಯೇಕ ಪ್ರವಾಸಕ್ಕೆ ಬೇರೆ ಟಿಕೆಟ್ ಬೇಕು, ಹದಿಮೂರರ ಒಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಕಾಯಿಲೆಯ ಕಾರಣಕ್ಕೆ ಮನೆಮಂದಿಯಿಂದ ಬೇರ್ಪಟ್ಟವರ ಪಾಡು ತಿಳಿಯಬೇಕೆಂದಿದ್ದರೆ ಆ ಖರ್ಚು ಸಾರ್ಥಕ. ತೀರಾ ಚಿಕ್ಕ ಮಕ್ಕಳಿಗೆ ಈ ಜಾಗ ಬೇಸರ ತರಿಸುತ್ತದೆ. ಹೈಸ್ಕೂಲು ಮುಟ್ಟಿದ ಹೆಣ್ಣುಮಕ್ಕಳಿದ್ದರೆ ತಪ್ಪದೆ ಕರೆದೊಯ್ಯಿರಿ, ಮತ್ತು ಮೂರನೆಯ ಮಹಡಿಯಲ್ಲಿ ಅವರನ್ನು ಅವರ ಪಾಡಿಗೆ ಬಿಡಿ.

ಮರಳಿ ಬ್ಯಾಟರಿ ಪಾರ್ಕಿಗೆ ಬಂದಿಳಿದ ಮೇಲೆ ಸ್ಟೇಟ್ ಸ್ಟ್ರೀಟಿನ 7ನೇ ನಂಬರಿನ ಮನೆಯತ್ತ ಐದು ನಿಮಿಷ ನಡೆದುಹೋಗಿ. ಕಂಬಗಳ ಬಾಗಿದ ಮೊಗಸಾಲೆಯಿರುವ ಆ ಹಳೆಯ ಮನೆ 19ನೆಯ ಶತಮಾನದ ಕೊನೆಯಿಂದ ಐರಿಷ್ ವಲಸಿಗ ಹುಡುಗಿಯರ ಆಶ್ರಯವಾಗಿತ್ತು. ಕರೆದೊಯ್ಯಲು ಯಾರೂ ಬಾರದವರಿಗೆ ಅಲ್ಲಿ ಕೆಲವು ದಿನ ಉಳಿಯಲು ಜಾಗ ಕೊಟ್ಟು, ಬಂಧುಗಳನ್ನು ಪತ್ತೆಮಾಡಿ, ಮನೆಗೆಲಸದ ನೌಕರಿ ಹುಡುಕಿಕೊಡುತ್ತಿದ್ದರು. ಈಗ ಅದು ಚರ್ಚಿನ ಭಾಗವಾಗಿದೆ, ಟಿಕೆಟಿಲ್ಲ, ಸಾಲಿಲ್ಲ.